ಇನ್ನೂರ ಹನ್ನೊಂದನೇ ಹಾಡು

ನನ್ನ ಎರಡೂ ಕಣ್ಣಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಚೆನ್ನಾಗಿ ನೆನಪೇ ಇರುತ್ತಿರಲಿಲ್ಲ. ನಾನು ಹೇಳಿದ ಸುಳ್ಳನ್ನು ಊಟ ಮುಗಿಯುವಷ್ಟರಲ್ಲಿ ನಾನೇ ಮರೆತಿರುತ್ತೇನೆ.

ಮದುವೆಗಳಲ್ಲಿ ನುಡಿಸುವ ಬ್ಯಾಂಡೊಂದರಲ್ಲಿ ಟ್ರಂಪೆಟ್ ಊದುವವನೊಬ್ಬನಿದ್ದ. ಎಲ್ಲರ ಬಾಯಲ್ಲೂ ಅವನು ತುತ್ತೂರಿ ಮಾವ. ಪ್ರಾಯದಲ್ಲಿ ಒಮ್ಮೆ ಅವನು ಊದಿದ ರಭಸಕ್ಕೆ ಎದುರು ಮಹಡಿಯಲ್ಲಿ ಒಣಗಿಹಾಕಿದ್ದ ಬಟ್ಟೆಗಳೆಲ್ಲ ಹಾರಿ, ಪಕ್ಕದ ಬೀದಿಯ ಹಗ್ಗದ ಮೇಲೆ ಹೋಗಿ ಕೂತಿದ್ದವು, ಕ್ಲಿಪ್ಪಿನ ಸಮೇತ. ಆ ಕ್ಲಿಪ್ಪುಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಆ ಬ್ಯಾಂಡಿನಲ್ಲಿ ಒಂದು ಕಟ್ಟಳೆ. ವರ್ಷದ ಕೊನೇ ಭಾನುವಾರ ಎಲ್ಲರೂ ತಾಲೀಮಿನ ಕೋಣೆಯಲ್ಲಿ ಸೇರಿ ಆ ವರ್ಷ ಬಿಡುಗಡೆಯಾದ ಹಾಡುಗಳನ್ನೆಲ್ಲ ಕೇಳಬೇಕು. ಯಾವುದನ್ನು ಕಲಿಯಬೇಕು ಎನ್ನುವ ತೀರ್ಪು ತುತ್ತೂರಿ ಮಾವನದು. ಅವನು ‘ಇರಲಿ’ ಎಂದರೆ ಇತ್ತು, ‘ಎತ್ತಾಕು’ ಎಂದರೆ ಹೋಯಿತು. ಮೂವತ್ತು ವರ್ಷದಲ್ಲಿ ಒಂದು ತೀರ್ಪೂ ತಿರುಗಿದ್ದಿಲ್ಲ.

ಈ ವರ್ಷ ಮಾತ್ರ ಮಾವನ ಎದೆಯಲ್ಲಿ ಅಳುಕು ಹೊಕ್ಕಿತ್ತು. ಮುಂದಿನ ಎರಡು ಹಲ್ಲು ಹೋಗಿ ಕಟ್ಟಿಸಿಕೊಂಡಿದ್ದ. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ. ಬ್ಯಾಂಡಿನ ಯಜಮಾನನಿಗೆ ಗೊತ್ತಿತ್ತು. ಯಜಮಾನ ಅವನನ್ನು ಬ್ಯಾಂಡಿನಿಂದ ಇಳಿಸಲು ನೆಪ ಹುಡುಕುತ್ತಿದ್ದ, ಅದು ಮಾವನಿಗೂ ಗೊತ್ತಿತ್ತು. ಹಿತ್ತಾಳೆ ಗುಂಡಿಯ ಆ ಕೆಂಪು ಕೋಟು ಬಿಚ್ಚಿದರೆ ಒಳಗೆ ಮನುಷ್ಯನೇ ಉಳಿಯುವುದಿಲ್ಲ ಎನ್ನುವಂಥವನು ಅವನು. ಬಾಯಿ ಸೋತರೂ ಕಿವಿ ಸೋತಿಲ್ಲ ಎಂದು ತೋರಿಸಿಬಿಡಬೇಕು ಎಂದು ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದು ಕೂತ.

ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಅವನ ಅಳಿಯ ಒಂದೊಂದೇ ಹಾಡು ಹಾಕುತ್ತ ಹೋದ. ಮಾವನ ಮಗಳು ಫ್ಲಾಸ್ಕಿನಿಂದ ಎಲ್ಲರಿಗೂ ಟೀ ಬಗ್ಗಿಸುತ್ತಿದ್ದಳು.

“ಎತ್ತಾಕು! ಪಾತ್ರೆ ಅಂಗಡೀಲಿ ಬೆಕ್ಕು ಬಿದ್ದಂಗಿದೆ.”

“ಮುಂದಿಂದು ಹಾಕ್ಲಾ ಮಾವ?”

“ಹಾಕು. ಇವನೇನು ಹಾಡ್ತಿದಾನೋ, ಹಲ್ಲುಜ್ಜುತಾ ಹೆಂಡ್ತಿನ ಬೈತಿದಾನೋ? ಎತ್ತಾಕು!”

ಬ್ಯಾಂಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಬಿದ್ದಷ್ಟೂ ಮಾವನ ನಾಲಿಗೆ ಹರಿತವಾಯಿತು. ಮಧ್ಯಾಹ್ನದ ಹೊತ್ತಿಗೆ ನೂರು ಹಾಡು ಸತ್ತವು. ಸಂಜೆಗೆ ಇನ್ನೂರ ಹತ್ತು.

“ಅಪ್ಪ, ಇಡೀ ವರ್ಷದಲ್ಲಿ ಒಂದಾದ್ರೂ ಚೆನ್ನಾಗಿಲ್ವಾ?” ಮಗಳು ಕೇಳಿದಳು.

“ಚೆನ್ನಾಗಿದ್ರೆ ನನ್ನ ಕಾಲೇ ತಾಳ ಹಾಕುತ್ತೆ ಮಗಳೇ. ಬೆಳಗ್ಗೆಯಿಂದ ಮಲಗಿಬಿಟ್ಟಿದೆ ನೋಡು.”

“ಇನ್ನೊಂದೇ ಒಂದು ಇದೆ ಮಾವ,” ಎಂದ ಅಳಿಯ.

ಹೆಂಗಸೊಬ್ಬಳ ದನಿ ಮೆಲ್ಲಗೆ ಶುರುವಾಯಿತು. ಅದರ ಬೆನ್ನಿಗೇ ಒಂದು ಟ್ರಂಪೆಟ್. ಕೋಣೆಯಲ್ಲಿ ಎಲ್ಲರೂ ಥಟ್ಟನೆ ತಲೆ ಎತ್ತಿದರು. ಮಾವ ಕಣ್ಣು ಮುಚ್ಚಿ ಕೇಳಿದ. ಆಮೇಲೆ ನಕ್ಕ.

“ಹಾಡಿದವಳು ಪಾಪ, ಏನೋ ಒದ್ದಾಡ್ತಾಳೆ ಬಿಡಿ. ಆದ್ರೆ ಊದ್ತಿದಾನಲ್ಲ, ಈ ಮಹಾರಾಯ! ಕೇಳಿ, ಮೇಲಿನ ಸ್ವರಕ್ಕೆ ಹೋಗುವಾಗ ಗಾಳಿ ಪಕ್ಕದಲ್ಲಿ ಸೋರ್ತಿದೆ. ಕಟ್ಟಿಸಿಕೊಂಡ ಹಲ್ಲು, ಅದೂ ಸಡಿಲ. ಪಂಕ್ಚರ್ ಆದ ಸೈಕಲ್ ಟ್ಯೂಬಿಗೆ ಕೋಟು ಹಾಕಿ ನಿಲ್ಲಿಸಿದಾರೆ. ಇಂಥವನ ಕೈಯಿಂದ ಟ್ರಂಪೆಟ್ ಕಿತ್ತುಕೊಂಡು ಮನೇಲಿ ಕೂರಿಸಬೇಕು!”

ಯಾರೂ ನಗಲಿಲ್ಲ. ಕ್ಲಾರಿನೆಟ್ಟಿನವನು ತನ್ನ ಬೂಟಿನ ಲೇಸು ನೋಡುತ್ತ ಕೂತ.

ಯಜಮಾನ ಬೆಣ್ಣೆಯಂಥ ದನಿಯಲ್ಲಿ ಕೇಳಿದ, “ಇದು ತೀರ್ಪಾ ಮಾವ?”

“ತೀರ್ಪೇ.”

“ತಿರುಗಿಸೋ ಹಾಗಿಲ್ಲ ತಾನೇ?”

“ಮೂವತ್ತು ವರ್ಷದಲ್ಲಿ ಯಾವತ್ತು ತಿರುಗಿಸಿದೀನಿ ಯಜಮಾನ್ರೇ?”

ಮಗಳು ಫ್ಲಾಸ್ಕನ್ನು ನೆಲಕ್ಕಿಟ್ಟಳು. “ಅಪ್ಪ, ಅದು ನೀನೇ.”

ಆದದ್ದು ಇಷ್ಟು. ಮಾವ ದಿನಾ ಬೆಳಗ್ಗೆ ತಾರಸಿಯ ಮೇಲೆ ಊದುವುದನ್ನು ಅಳಿಯ ಅಡುಗೆಮನೆ ಕಿಟಕಿಯಿಂದ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ. ಅದನ್ನು ಸೇರಿಸಿ ಹಾಡು ಕಟ್ಟಿ, ಅಪ್ಪನ ಹೆಸರು ಹಾಕಿ, ಬಿಡುಗಡೆಯನ್ನೂ ಮಾಡಿದ್ದರು. ಈ ಭಾನುವಾರ ಅವನಿಗೆ ಅಚ್ಚರಿಯ ಕಾಣಿಕೆ ಆಗಲಿ ಎಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಹಾಡಿದವಳು ಮಗಳೇ. ಅವಳ ದನಿ ಅವನಿಗೆ ತಿಳಿಯಲಿಲ್ಲ. ಅವಳು ಚಿಕ್ಕಂದಿನಲ್ಲಿ ಹಾಡಲು ಬಾಯಿ ತೆರೆದಾಗಲೆಲ್ಲ ‘ಕಿವಿ ನೋಯುತ್ತೆ’ ಎಂದು ಎದ್ದುಹೋಗುತ್ತಿದ್ದವನು. ತನ್ನ ಟ್ರಂಪೆಟ್ಟಿನ ದನಿಯೂ ತಿಳಿಯಲಿಲ್ಲ. ಊದುವವನಿಗೆ ಅದು ತಲೆಬುರುಡೆಯೊಳಗೆ ಕೇಳುತ್ತದೆ. ಅಲ್ಲಿ ಅದು ಯಾವತ್ತೂ ಭರ್ಜರಿಯಾಗಿಯೇ ಇರುತ್ತದೆ. ಹೊರಗೆ ನಿಂತು ಕೇಳಿದ್ದು ಅವನು ಇದೇ ಮೊದಲು.

“ತಮಾಷೆಗೆ ಅಂದೆ ಅಂತ ಹೇಳಿ ಮಾವ,” ಅಳಿಯ ಗೋಗರೆದ. “ಅಷ್ಟು ಸಾಕು.”

ಸಾಕಾಗುತ್ತಿತ್ತು. ಆದರೆ ಹಾಗಂದರೆ ಕಿವಿ ಸುಳ್ಳಾಗುತ್ತದೆ, ಅನ್ನದಿದ್ದರೆ ಬಾಯಿ ಹೋಗುತ್ತದೆ. ಮಾವ ಅಳಿಯನ ಕಡೆ ತಿರುಗಿದ.

“ಇನ್ನೊಂದ್ಸಲ ಹಾಕು.”

ಹಾಕಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಹಾಡು ಮುಗಿಯಿತು.

“ಸೋರ್ತಿದೆ,” ಎಂದ ಮಾವ. “ಎತ್ತಾಕು.”

ಹಿತ್ತಾಳೆ ಗುಂಡಿ ಒಂದೊಂದಾಗಿ ಬಿಚ್ಚತೊಡಗಿದ. ಕೊನೆಯದು ಬಿಗಿಯಾಗಿತ್ತು, ಯಜಮಾನ ತಾನೇ ಬಂದು ಬಿಚ್ಚಿಕೊಟ್ಟ. ಅಷ್ಟು ಒಳ್ಳೆಯ ಮನುಷ್ಯ.

ಕೇಳಿ ಮುಂದಿನದು. ಇನ್ನೂರ ಹನ್ನೊಂದರಲ್ಲಿ ಜನ ಹಿಡಿದುಕೊಂಡದ್ದು ಅದೊಂದನ್ನೇ! ಯಾವ ಮದುವೆಗೆ ಹೋದರೂ ಅದೇ ಬೇಕು. ‘ಎತ್ತಾಕು’ ಎಂದು ತೀರ್ಪಾದ ಹಾಡನ್ನು ಬ್ಯಾಂಡಿನವರು ನುಡಿಸುವ ಹಾಗಿಲ್ಲವಲ್ಲ, ಅದಕ್ಕೆ ಯಜಮಾನ ಸ್ಪೀಕರಿನಲ್ಲಿ ಹಾಕಿಸಿದ. ಟ್ರಂಪೆಟ್ಟಿನವನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸ್ಪೀಕರು ನಿಲ್ಲುತ್ತದೆ. ಮಾವನ ಕೆಂಪು ಕೋಟಿನ ತೋಳು ಕತ್ತರಿಸಿ ಅದಕ್ಕೆ ಹೊದಿಕೆ ಮಾಡಿದ್ದಾರೆ. ಸರಿಯಾಗಿ ಕೂತಿದೆ.

ಮಾವ ದಿನಾ ಮದುವೆ ಛತ್ರದ ಎದುರು ಫುಟ್‌ಪಾತಿನಲ್ಲಿ ನಿಲ್ಲುತ್ತಾನೆ. ಹಾಡು ಬಂದ ಕೂಡಲೇ ಪಕ್ಕದಲ್ಲಿ ಯಾರಿದ್ದಾರೋ ಅವರನ್ನು ಕೇಳುತ್ತಾನೆ:

“ಊದೋನಿಗೆ ಉಸಿರಿಲ್ಲ, ಅಲ್ವಾ?”

ಕೇಳಿ, ಅವರ ಮುಖವನ್ನೇ ನೋಡುತ್ತ ಕಾಯುತ್ತಾನೆ. ‘ಇಲ್ಲ ಇಲ್ಲ, ಚೆನ್ನಾಗಿದೆ’ ಎಂದು ಒಬ್ಬನಾದರೂ ಅನ್ನಲಿ ಎಂದು. ಆದರೆ ಆ ಬೀದಿಯಲ್ಲಿ ಅವನ ಕಿವಿಗೆ ಎದುರಾಡುವವರು ಯಾರಿದ್ದಾರೆ? ಮೂವತ್ತು ವರ್ಷ ಅವನೇ ಪಳಗಿಸಿದ ಜನ.

“ಹೌದೌದು ಮಾವ,” ಅನ್ನುತ್ತಾರೆ. “ಯಾರೋ ಮುದುಕ ಇರಬೇಕು. ಪ್ರಾಣ ತಿಂತಾನೆ.”

ಮನೆಗೆ ಹೋಗಿ ಮಗಳನ್ನೂ ಕೇಳುತ್ತಾನೆ. ಅವಳು ತಟ್ಟೆ ಮುಂದಿಟ್ಟು, “ನೀನು ಹೇಳಿದ ಮೇಲೆ ಮುಗೀತಲ್ಲಪ್ಪ,” ಎಂದು ಎದ್ದುಹೋಗುತ್ತಾಳೆ.

ಈಗ ನಿಮ್ಮ ಸರದಿ. ಕಥೆ ಹೇಗಿತ್ತು? ತಡೀರಿ ತಡೀರಿ, ಬಾಯಿ ತೆಗೆಯುವ ಮುಂಚೆ ಟೀ ತರಿಸಿ. ಬಾಯಲ್ಲಿ ಬಿಸಿ ಇದ್ದಾಗ ತೀರ್ಪು ಸ್ವಲ್ಪ ಮೆತ್ತಗೆ ಬರುತ್ತದೆ. ನನಗೂ ಒಂದು ಹೇಳಿ, ಸಕ್ಕರೆ ಜಾಸ್ತಿ. ಚೆನ್ನಾಗಿರಲಿಲ್ಲ ಅನ್ನುವುದಾದರೆ ಎರಡು.