ಐದೆಸಳೂ ಚೌಕವೂ ಕೂಡಿದ ಅಂಗಳ

ತೊಂಬತ್ತೇಳರ ಮಾಘದ ಆ ಮುಂಜಾನೆ ಹೆಡತಲೆ ಊರಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ವಿಭೂತಿ ಹಚ್ಚಿಕೊಂಡು ಹೊರಬಂದ ಚನ್ನಯ್ಯನವರು ತಮ್ಮ ಎಮ್ಮೆಗೇ ಕೈಮುಗಿದು, "ಶರಣಾರ್ಥಿ ಬುದ್ಧೀ" ಅಂದುಬಿಟ್ಟರು. ಮಠದ ಗುರುಗಳು ಬೇಗ ದಯಮಾಡಿಸಿದರೆಂದು ಅವರ ಎಣಿಕೆ. ಎಮ್ಮೆ ಆಶೀರ್ವದಿಸುವಂತೆ ತಲೆಯಾಡಿಸಿತು.

ಗುರುಗಳು ಬರುವುದು ಒಂಬತ್ತಕ್ಕೆ. ಚನ್ನಯ್ಯನವರ ಸೊಸೆಯರಿಬ್ಬರೂ ಬೇರೆಯಾಗಿದ್ದರು, ಮನೆ ಎರಡು, ಅಂಗಳ ಒಂದು. ಪಾದಪೂಜೆ ಒಂದು ವರ್ಷ ಹಿರಿಯ ರುದ್ರಮ್ಮನಲ್ಲಿ, ಒಂದು ವರ್ಷ ಕಿರಿಯ ಗುರುಸಿದ್ದಮ್ಮನಲ್ಲಿ. ಹೋದ ವರ್ಷ ರುದ್ರಮ್ಮ ಓರಗಿತ್ತಿಯ ಸರದಿಯನ್ನೂ ತಾನೇ ನುಂಗಿದ್ದಳು. ಈ ಸಲವೂ ಬಿಡುವ ಲಕ್ಷಣವಿರಲಿಲ್ಲ. ಜಗಳಕ್ಕೆ ಬೇಸತ್ತು ಮಾವ ಹೇಳಿದ್ದರು: "ಇಬ್ರೂ ರಂಗೋಲಿ ಇಕ್ರವ್ವ. ನಡುವೆ ಗೆರೆ ಕೂಡ್ದೇ ಓದ್ರೆ ಪಾದಪೂಜೆ ಕೊಟ್ಟಿಗೇಲೇ!"

ರುದ್ರಮ್ಮನದು ಸಾಲುಚುಕ್ಕಿಯ ಚೌಕಗಳು. ಗುರುಸಿದ್ದಮ್ಮನದು ಐದೆಸಳಿನದು, ಮೈಸೂರಲ್ಲಿ ಭೌತಶಾಸ್ತ್ರ ಓದುವ ಮಗಳು ಮಧುಶ್ರೀ ಕಲಿಸಿದ್ದು. ಎತ್ತ ನೋಡಿದರೂ ಕ್ರಮವಿದೆ, ಆದರೆ ಒಂದೇ ಅಂತರಕ್ಕೆ ಮರಳಿ ಬರುವುದಿಲ್ಲ.

"ಪುಡಿ ಮ್ಯಾಲೆ ಸೀನ್ದಂಗೈತೆ," ಅಂದಳು ರುದ್ರಮ್ಮ.

"ಅಲ್ಯೂಮಿನಿಯಂ, ಮ್ಯಾಂಗನೀಸ್ ಕರಗಿಸಿ ಸರಕ್ಕನೆ ಆರಿಸಿದ್ರೆ ಪರಮಾಣುಗಳು ಇಂಗೇ ಕೂರ್ತವೆ ದೊಡ್ಡವ್ವ. ಕ್ವಾಸಿಕ್ರಿಸ್ಟಲ್ ಅಂತಾರೆ," ಅಂದಳು ಪೂಜೆಗೆಂದು ಊರಿಗೆ ಬಂದಿದ್ದ ಮಧುಶ್ರೀ.

"ಓ, ಪಾತ್ರೆ ಒಳಗೂ ಓರಗಿತ್ತೀರು ಅವ್ರಾ?"

ಅಂಗಳದ ನಡುವೆ ಚುಕ್ಕಿಗೆ ಚುಕ್ಕಿ ಸಿಗಲಿಲ್ಲ. ಗುರುಸಿದ್ದಮ್ಮ ಎಳೆದೆಳೆದು ಕೂಡಿಸಿದ್ದು ಬಾಗಿಲಿಗೆ ಸಿಕ್ಕಿದ ಹಲ್ಲಿಯಂತಾಯಿತು. ಚನ್ನಯ್ಯನವರು ಕೊಟ್ಟಿಗೆಗೆ ತೋರಣ ಕಟ್ಟಿದರು. ಎಮ್ಮೆ ತಿಂದಿತು. ಗುರುಸಿದ್ದಮ್ಮನ ಕಣ್ಣು ತುಂಬಿತು: "ಎರಡು ವರ್ಷ ಕಾದಿದ್ದು ಈ ಕೊಟ್ಟಿಗೆಗಾ, ಶಿವನೇ?"

"ಚುಕ್ಕಿ ಬಿಡವ್ವ, ಸಾಲು ಕೂಡ್ಸು," ಅಂದಳು ಮಧುಶ್ರೀ. "ಐದೆಸಳನ್ನ ಒಸಿ ತಿರುಗ್ಸಿ ಬರಿ. ಅದರ ಸಾಲು ದೊಡ್ಡವ್ವನ ಸಾಲಿನ ದಿಕ್ಕಿಗೇ ಬರ್ಲಿ. ನಿನ್ ಸಾಲುಗಳ ನಡುವಿನ ಜಾಗ ಒಂದ್ಕಡೆ ಅಗಲ, ಒಂದ್ಕಡೆ ಕಿರಿದು. ಒಟ್ನಲ್ಲಿ ಅಂತರ ಸರಿದೂಗಿದ್ರೆ ಆಯ್ತು. ಆ ಲೋಹಾನೂ ಬೇರೆ ಹರಳಿನ ಪಕ್ಕ ಅಂಗೇ ತಿರುಗಿ ಕೂರೋದು. ದೊಡ್ಡವ್ವ, ನಿಮ್ಮ ಅಂತರ ಎಷ್ಟು?"

"ನಾಲ್ಕು ಬೆರಳು."

"ನಂದೂ ನಾಲ್ಕೇ ಬೆರಳು!" ಅಂದಳು ಗುರುಸಿದ್ದಮ್ಮ.

ಮಧುಶ್ರೀ ಇಬ್ಬರ ಕೈಬೆರಳು ನೋಡಿದಳು. ಒಂದು ಬಾಳೆಕಾಯಿ, ಇನ್ನೊಂದು ನುಗ್ಗೆಕಾಯಿ.

ಐದೆಸಳನ್ನು ಅಳಿಸಿ ಹೊಸದಾಗಿ ಹಾಕಲು, ಅಳತೆಗೆ ರುದ್ರಮ್ಮನ ಕೈಯೇ ಬೇಕಾಯಿತು. ಗೊಣಗುತ್ತಲೇ ಓರಗಿತ್ತಿಯ ಪಾಲಿನ ನೆಲಕ್ಕೆ ಮಂಡಿಯೂರಿ ಅಂಗೈ ಊರಿದಳು. ಗುರುಸಿದ್ದಮ್ಮ ಆ ಬೆರಳುಗಳ ಅಂಚಿಗೆ ಪುಡಿ ಉದುರಿಸಿದಳು. ಮತ್ತೆ ಊರು, ಮತ್ತೆ ಉದುರಿಸು. "ಅಕ್ಕ, ಕೈ ತಣ್ಣಗದೆ," ಅಂತ ನಡುವೆ ಒಮ್ಮೆ ಉಜ್ಜಿಯೂ ಕೊಟ್ಟಳು.

ಎಂಟೂಮುಕ್ಕಾಲಿಗೆ ಚನ್ನಯ್ಯನವರು ಮೂಗು ನೆಲಕ್ಕೆ ತಾಗುವಂತೆ ಬಗ್ಗಿ ನೋಡಿದರು. ಅಲ್ಲಲ್ಲಿ ಕೂದಲೆಳೆಯಷ್ಟು ಅತ್ತಿತ್ತ. ಆದರೆ ಸಾಲಿಗೆ ಸಾಲು ಕೂಡಿತ್ತು. ಮೂಗಿನ ತುದಿ ಮಾತ್ರ ಬೆಳ್ಳಗಾಯಿತು.

ರುದ್ರಮ್ಮ ಒಳಗೆ ಹೋದಳು. ಪಾದಪೂಜೆಯ ಹಿತ್ತಾಳೆ ತಟ್ಟೆ ತಂದು, ಸೆರಗಿನಿಂದ ಒರೆಸಿ, ಗುರುಸಿದ್ದಮ್ಮನ ಪುಡಿಗೈಗೆ ಇಟ್ಟಳು.