ಕಾಲುಚೀಲದ ಒಳಮಗ್ಗುಲು

ಚಕ್ರಪಾಣಿಯವರು ಬಣ್ಣದ ಕಾಲುಚೀಲ ಹಾಕಬಾರದು ಎಂದು ವೈದ್ಯರು ಹೇಳಿ ಬಹಳ ಕಾಲವಾಗಿತ್ತು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕಿದೆ, ಮುಳ್ಳು ಚುಚ್ಚಿದರೂ ಇವರಿಗೆ ತಿಳಿಯುವುದಿಲ್ಲ, ಬಿಳಿ ಹತ್ತಿಯದೇ ಇರಲಿ, ಗಾಯವಾದರೆ ಬಟ್ಟೆಯ ಮೇಲಾದರೂ ಕಾಣುತ್ತದೆ ಎಂದಿದ್ದರು. ತಡವಾದರೆ ಕಾಲೇ ಹೋಗುತ್ತದೆ ಎಂದೂ ಹೇಳಿದ್ದರು. ಅದನ್ನು ಹೇಳುವಾಗ ಅವರು ನೋಡುತ್ತಿದ್ದುದು ಚಕ್ರಪಾಣಿಯವರನ್ನಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೈಥಿಲಿಯನ್ನು. ಆ ಮನೆಯಲ್ಲಿ ಕಾಲುಚೀಲ ಒಗೆಯುವವರು ಯಾರೆಂದು ಅವರಿಗೆ ಕೇಳದೆಯೇ ಗೊತ್ತಾದಂತಿತ್ತು.

ಅಂದಿನಿಂದ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಫ್ಲ್ಯಾಟಿನಲ್ಲಿ ಅದು ಮೈಥಿಲಿಯ ಸಂಜೆಯ ಕೆಲಸವಾಯಿತು. ಉಳಿದ ಬಟ್ಟೆಗಳನ್ನೆಲ್ಲ ಕೆಲಸದ ವಾಂಬೂಯಿ ಬಂದು ಒಗೆದು ಹೋಗುತ್ತಿದ್ದಳು. ಒಳಉಡುಪು, ಕಾಲುಚೀಲಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವನ್ನು ಅವರವರೇ ಒಗೆದುಕೊಳ್ಳಬೇಕು ಎಂಬುದು ಇಲ್ಲಿನ ಎಷ್ಟೋ ಮನೆಗಳ ರೀತಿ. ಮೈಥಿಲಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಬಾಲ್ಕನಿಯ ಗಿಡ್ಡ ಸ್ಟೂಲಿನ ಮೇಲೆ ಕೂತು ಒಂದೊಂದು ಚೀಲವನ್ನೂ ಒಳಮಗ್ಗುಲು ಹೊರಗೆ ಬರುವಂತೆ ತಿರುವುವಳು. ಹೆಬ್ಬೆರಳಿನ ಜಾಗ, ಹಿಮ್ಮಡಿಯ ಜಾಗ ಎರಡನ್ನೂ ಬೆಳಕಿಗೆ ಹಿಡಿದು ನೋಡುವಳು. ನೂಲಿನ ಗುಂಜು, ಒಣಚರ್ಮದ ಪುಡಿ, ಅಷ್ಟೇ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅಂಗೈಯಲ್ಲೇ ಉಜ್ಜಿ, ಹಿಂಡಿದರೆ ಎಲಾಸ್ಟಿಕ್ ಸಡಿಲವಾಗುತ್ತದೆಂದು ಹಳೆಯ ಟವೆಲಿನಲ್ಲಿ ಸುತ್ತಿ ಒತ್ತಿ, ಚೀಲದ ಬೆರಳಿನ ತುದಿಗೆ ಕ್ಲಿಪ್ ಸಿಕ್ಕಿಸಿ ತಲೆಕೆಳಗಾಗಿ ತೂಗುಹಾಕುವಳು. ಮಾಡುತ್ತ ಮಾಡುತ್ತ ಅದು ಸಂಜೆ ದೀಪ ಹಚ್ಚುವುದರ ಜೊತೆಯ ಇನ್ನೊಂದು ಕೆಲಸದಂತೆ ಆಗಿಹೋಗಿತ್ತು.

ಚಕ್ರಪಾಣಿಯವರು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೈಸೂರಿನಿಂದ ಬಂದಾಗ ಮಗಳು ಪ್ರಗತಿ ಕೈಗೂಸು. ಈಗ ಅವಳು ಗಂಡನೊಂದಿಗೆ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಇದ್ದಳು. ಮನೆಯಲ್ಲಿ ಇಬ್ಬರೇ. ಜಗಳವಿರಲಿಲ್ಲ. ಮಾತೂ ಹೆಚ್ಚಿರಲಿಲ್ಲ. ಕುಡಿದ ಲೋಟವನ್ನು ಅವರು ಕೂತಲ್ಲೇ ಬಿಟ್ಟು ಏಳುತ್ತಿದ್ದರು, ಮೈಥಿಲಿ ಎತ್ತಿಡುತ್ತಿದ್ದಳು. ಲೋಟ ಎತ್ತುವಾಗ ಒಮ್ಮೊಮ್ಮೆ ಅವಳಿಗೆ ಇಬ್ಬರ ನಡುವೆ ಏನೋ ಒಂದು ಮಾತು ಬರಬೇಕಾಗಿತ್ತು, ಬರಲೇ ಇಲ್ಲ ಎನಿಸುತ್ತಿತ್ತು. ಯಾವ ಮಾತು ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಏಪ್ರಿಲ್‌ನ ಮಳೆ ಹಿಡಿದುಕೊಂಡಿತು. ಚಕ್ರಪಾಣಿಯವರು ಗೆಳೆಯ ಲಾರೆನ್ಸ್ ಜೊತೆ ಸಿಟಿ ಪಾರ್ಕಿನಲ್ಲಿ ನಡೆದು ಬಂದರೆ ಬೂಟಿನ ತುಂಬ ಕೆಂಪು ಮಣ್ಣು. ಅಂಥದೊಂದು ಸಂಜೆ ಮೈಥಿಲಿ ಬಾಲ್ಕನಿಗೆ ಹೋದಾಗ ಅವಳ ಸ್ಟೂಲಿನ ಮೇಲೆ ಅವರು ಕೂತಿದ್ದರು. ಅಂಗಿಯ ತೋಳು ಮಡಚಿಕೊಂಡು ಬೇಸಿನ್ನಿನಲ್ಲಿ ಕಾಲುಚೀಲ ಉಜ್ಜುತ್ತಿದ್ದರು.

"ಇದೇನ್ರೀ?"

"ಅವರವರ ಸಾಕ್ಸ್ ಅವರವರೇ ಒಗೀಬೇಕು ಅಂತ ವಾಂಬೂಯಿಗೆ ಗೊತ್ತಿದೆ. ನಂಗೆ ಈಗ ಗೊತ್ತಾಯ್ತು."

"ಬಿಡಿ, ನಿಮಗೆ ಬರಲ್ಲ."

"ಸೋಪು ಹಚ್ಚೋಕೂ ಬಿ.ಎಡ್. ಮಾಡಿರ್ಬೇಕಾ?"

ಅವಳು ನಕ್ಕುಬಿಟ್ಟಳು. ಒಳಗೆ ತಿರುವಿ ನೋಡಿದಿರಾ ಎಂದು ಕೇಳಿದ್ದಕ್ಕೆ, ನೋಡಿದೆ, ಏನಿಲ್ಲ ಎಂದರು. ಬೇಸಿನ್ನಿನಲ್ಲಿ ನೀರು ಕೆಂಪಗಿತ್ತು. ಸಿಟಿ ಪಾರ್ಕಿನ ಮಣ್ಣು ಎಂದುಕೊಂಡಳು.

ಮರುದಿನವೂ ಅವರೇ ಒಗೆದರು. ಅದರ ಮರುದಿನವೂ. ಮೈಥಿಲಿ ಚಹಾ ಲೋಟ ಹಿಡಿದು ಬಾಲ್ಕನಿಯ ಬಾಗಿಲಿಗೆ ಒರಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಅವಳ ಕೈ ಖಾಲಿ ಇದ್ದು ಅವರ ಕೈ ಕೆಲಸದಲ್ಲಿದ್ದ ಗಳಿಗೆಗಳು ಆ ಮನೆಯಲ್ಲಿ ಹಿಂದೆ ಇದ್ದ ನೆನಪಿರಲಿಲ್ಲ. ತಾನು ಕಾಯುತ್ತಿದ್ದ ಮಾತು ಮಾತಿನ ರೂಪದಲ್ಲಿ ಬರದೆ ಹೀಗೆ ಬಂದಿರಬಹುದೇ ಎಂದು ಯೋಚಿಸಿದಳು. ಪ್ರಗತಿಗೆ ಫೋನ್ ಮಾಡಿ ಹೇಳಿದಳು. ಪ್ರಗತಿ ಎಂದಿನಂತೆ ಇಂಗ್ಲಿಷಿನಲ್ಲಿ, "ಸೋ ಸ್ವೀಟ್, ಅಮ್ಮಾ. ಫೈನಲಿ!" ಎಂದಳು. ಭಾನುವಾರ ಮನೆಗೆ ಬಂದ ಲಾರೆನ್ಸ್‌ಗೂ ಹೇಳಿದಳು. ಮಂಗಳೂರಿನ ಲಾರೆನ್ಸ್ ಸುದ್ದಿ ಕೇಳಿ, ತಮ್ಮ ಹೆಂಡತಿಯನ್ನು ನೆನೆದು ಹಣೆ ಚಚ್ಚಿಕೊಂಡರು.

"ಈ ವಿಷಯ ನಮ್ಮ ಶೆರಿಲ್ ಕಿವಿಗೆ ಬೀಳೋದು ಬೇಡ ಮಾರಾಯ್ರೆ. ನಾಳೆಯಿಂದ ನನ್ನ ಕತೆ ಮುಗೀತು."

ಎಲ್ಲರೂ ನಕ್ಕರು. ಚಕ್ರಪಾಣಿಯವರು ಮಾತ್ರ ಲೋಟದೊಳಗೆ ನೋಡುತ್ತ ತುಸು ಮುಗುಳ್ನಕ್ಕರು. ನಾಚಿಕೆ ಎಂದುಕೊಂಡಳು ಮೈಥಿಲಿ. ಆಮೇಲೆ ಅವರು ಚಳಿ ಎಂದು ಮಲಗುವಾಗಲೂ ಕಾಲುಚೀಲ ಹಾಕಿಕೊಳ್ಳತೊಡಗಿದರು, ಬೂಟಿನೊಳಗೆ ಪೌಡರ್ ಉದುರಿಸತೊಡಗಿದರು. ವಯಸ್ಸಾದ ಮೇಲೆ ಬಂದ ಶಿಸ್ತು ಎಂದು ಅವಳು ಅದನ್ನೂ ಸಂತೋಷದಲ್ಲೇ ಸೇರಿಸಿಕೊಂಡಳು.

ಜೂನ್‌ನಲ್ಲಿ ಒಂದು ದಿನ ಕಟ್ಟಡಕ್ಕೆ ನೀರು ಬರಲಿಲ್ಲ. ಚಕ್ರಪಾಣಿಯವರು ಮೈ ಬಿಸಿ ಇದೆ ಎಂದು ಮಧ್ಯಾಹ್ನದಿಂದಲೇ ಮಲಗಿದ್ದರು. ಸಂಜೆ ಬಾಲ್ಕನಿ ಗುಡಿಸುವಾಗ ಬೇಸಿನ್ನಿನ ಹಿಂದೆ ಒಂದು ಕಾಲುಚೀಲ ಸಿಕ್ಕಿತು. ಮುದುಡಿ, ಒಣಗಿ, ಸೆಟೆದುಕೊಂಡಿತ್ತು. ಬೆರಳಿನ ಬಳಿ ಕಂದು ಕಲೆ.

ನೀರಿಲ್ಲವೆಂದು ಒಗೆಯದೆ ಬಿಟ್ಟಿದ್ದಾರೆ, ಪಾಪ, ಎನಿಸಿತು. ಇವತ್ತು ತಾನೇ ಒಗೆದಿಟ್ಟರೆ ಎದ್ದಾಗ ಅವರಿಗೂ ಖುಷಿಯಾದೀತು. ಪ್ರಗತಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನೈರೋಬಿಯ ಕೆಂಪು ಮಣ್ಣಿನ ಜೊತೆ ಮೈಥಿಲಿ ವರ್ಷಗಟ್ಟಲೆ ಗುದ್ದಾಡಿದ್ದಳು. ಬಿಸಿನೀರು, ಬಾರ್ ಸೋಪು, ಮೇಲೊಂದಿಷ್ಟು ನಿಂಬೆಹುಳಿ. ಎಂಥ ಮಣ್ಣಾದರೂ ಬಿಡುತ್ತಿತ್ತು. ಕ್ಯಾನಿನಲ್ಲಿ ಉಳಿದಿದ್ದ ನೀರನ್ನೇ ಕಾಯಿಸಿ ಸುರಿದಳು. ಹಿಮ್ಮಡಿಯ ಕೊಳೆ ಹೋಯಿತು, ಅಂಚಿನ ಕೊಳೆ ಹೋಯಿತು. ಬೆರಳಿನ ಕಲೆ ಮಾತ್ರ ಬಿಡಲಿಲ್ಲ. ಉಜ್ಜಿದಷ್ಟೂ ಬಟ್ಟೆಗೆ ಬೆಂದು ಅಂಟಿಕೊಂಡಂತೆ ಗಾಢವಾಯಿತು.

ಹಿಂದಿನಿಂದ ಉಜ್ಜೋಣವೆಂದು ಚೀಲವನ್ನು ತಿರುವಿದಳು.

ಒಳಮಗ್ಗುಲಲ್ಲಿ ಕಲೆ ಇನ್ನೂ ದೊಡ್ಡದಾಗಿತ್ತು, ಇನ್ನೂ ಕಪ್ಪಗಿತ್ತು. ಮಣ್ಣು ಹೊರಗಿನಿಂದ ಒಳಗೆ ಬರುತ್ತದೆ. ಇದು ಒಳಗಿನಿಂದ ಹೊರಗೆ ಬಂದದ್ದು.

ಬಿಸಿನೀರಿನಲ್ಲಿ ಕೈ ಇಟ್ಟುಕೊಂಡೇ ಅವಳು ಕೂತಿದ್ದಳು. ಹುಡುಗಿಯಾಗಿದ್ದಾಗ ಅಮ್ಮ ಕಲಿಸಿದ ಮೊದಲ ಒಗೆತ ನೆನಪಾಯಿತು. ರಕ್ತದ ಕಲೆಗೆ ತಣ್ಣೀರು. ಬಿಸಿನೀರು ಹಾಕಿದರೆ ಬಟ್ಟೆ ಇರುವ ತನಕ ಕಲೆಯೂ ಇರುತ್ತದೆ. ಕೆಳಗಿನ ರಸ್ತೆಯಲ್ಲಿ ಪ್ರಯಾಣಿಕರ ಮಟಾಟು ವ್ಯಾನೊಂದು ಜೋರಾಗಿ ಹಾಡು ಹಾಕಿಕೊಂಡು ನಿಂತಿತ್ತು. ಅದು ಹೋಗುವ ತನಕ ಅವಳು ಏಳಲಿಲ್ಲ.

ಒಳಗೆ ಹೋಗಿ ಹೊದಿಕೆ ಸರಿಸಿದಳು. ಚಕ್ರಪಾಣಿಯವರು ಕಣ್ಣು ಬಿಟ್ಟರು, ಬೇಡ ಎನ್ನಲಿಲ್ಲ. ಬಲಗಾಲಿನ ಚೀಲ ಸುಲಭವಾಗಿ ಬರಲಿಲ್ಲ, ಅಂಟಿಕೊಂಡಿತ್ತು. ಬಿಡಿಸಿದಾಗ ಹೆಬ್ಬೆರಳಿನ ಕೆಳಗೆ ಗಾಯ ಕಂಡಿತು. ಅಂಚು ಕಪ್ಪಾಗಿತ್ತು. ಪೌಡರಿನ ಪರಿಮಳದ ಅಡಿಯಿಂದ ವಾಸನೆ ಬಂತು. ಅವಳು ಗಾಯದ ಪಕ್ಕ ಒತ್ತಿದಳು. ಅವರಿಗೆ ಏನೂ ಆಗಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದರು.

"ಯಾವಾಗಿಂದ?"

"ಮಳೆ ಶುರುವಾದಾಗಿಂದ. ಬೂಟಲ್ಲಿ ಕಲ್ಲು ಸೇರ್ಕೊಂಡಿತ್ತು, ಗೊತ್ತಾಗ್ಲಿಲ್ಲ."

"ಹೇಳ್ಬಾರ್ದಿತ್ತಾ?"

ಅವರು ಚಾವಣಿ ನೋಡುತ್ತ ತಮ್ಮ ತಂದೆಯ ವಿಷಯ ಹೇಳಿದರು. ಮೈಥಿಲಿ ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಹೋದವರು. ಒಂದು ಬೆರಳು ಕತ್ತರಿಸಿದರೆ ಸಾಕು ಎಂದು ಶುರುಮಾಡಿದ ವೈದ್ಯರು ಕಡೆಗೆ ತೊಡೆಯವರೆಗೆ ಬಂದಿದ್ದರಂತೆ. ಒಗೆದುಕೊಂಡು, ಮುಲಾಮು ಹಚ್ಚಿಕೊಂಡು, ವಾರದಲ್ಲಿ ತಾನಾಗಿ ಮಾಗುತ್ತದೆ ಅಂದುಕೊಂಡೆ ಎಂದರು.

"ಮೊದಲನೇ ವಾರ ಹೆದರಿಕೆಗೆ ಹೇಳ್ಲಿಲ್ಲ," ಎಂದರು.

"ಆಮೇಲೆ?"

ಅವರು ಹೊದಿಕೆಯನ್ನು ಪಾದದ ಮೇಲೆ ಎಳೆದುಕೊಂಡರು.

"ಆಮೇಲೆ ನೀನು ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಬಾಗ್ಲಲ್ಲಿ ನಿಂತು ನನ್ನನ್ನೇ ನೋಡ್ತಿದ್ದೆ. ನೀನು ಅಷ್ಟು ಸಂತೋಷವಾಗಿದ್ದಿದ್ದನ್ನ ನಾನು ನೋಡೇ ಇರ್ಲಿಲ್ಲ, ಮೈಥಿಲಿ. ಹೇಗೆ ಹೇಳ್ಲಿ?"

ಮೈಥಿಲಿ ಪ್ರಗತಿಗೆ ಫೋನ್ ಮಾಡಲು ಎದ್ದಳು. ಕೈ ಇನ್ನೂ ಒದ್ದೆಯಿತ್ತು, ಫೋನಿನ ಮೇಲೆ ಬೆರಳು ಜಾರಿತು.

ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಪ್ರಗತಿ ಕಾರು ಓಡಿಸುತ್ತ ದಾರಿಯುದ್ದಕ್ಕೂ "ಬಟ್ ವೈ, ಅಪ್ಪಾ, ವೈ?" ಎಂದು ಕೇಳುತ್ತಲೇ ಇದ್ದಳು. ಮುಂದಿನ ಸೀಟಿನಲ್ಲಿ ಅವರು, ಹಿಂದೆ ಮೈಥಿಲಿ, ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಗಾಯ ಮೂಳೆಗೆ ಇಳಿದಿದೆ ಎಂದರು ವೈದ್ಯರು. ಮೊದಲು ಬೆರಳುಗಳನ್ನು ತೆಗೆದರು, ಅದು ಸಾಲದೆ ಮೊಣಕಾಲಿನ ಕೆಳಗಿನಿಂದ ಕಾಲನ್ನೇ ತೆಗೆದರು. ಮೊದಲೇ ಬಂದಿದ್ದರೆ ಎಂದು ವೈದ್ಯರು ಹೇಳಲಿಲ್ಲ. ಈ ಸಲ ಅವರು ಮೈಥಿಲಿಯ ಮುಖವನ್ನೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಲಾರೆನ್ಸ್ ನೋಡಲು ಬರುತ್ತಿದ್ದರು. ನಗಿಸಲು ಏನೋ ಶುರುಮಾಡಿ ಅರ್ಧಕ್ಕೇ ಬಿಡುತ್ತಿದ್ದರು. ಜೊತೆಯಲ್ಲಿ ನಡೆಯುತ್ತಿದ್ದ ತನಗೂ ತಿಳಿಯಲಿಲ್ಲವಲ್ಲ, ಅವರು ಒಂದು ಸಲ ಕುಂಟಲೂ ಇಲ್ಲ ಎಂದು ಹೋಗುವಾಗ ಬಾಗಿಲಲ್ಲಿ ಮೈಥಿಲಿಗೆ ಹೇಳಿದರು. ನೋವಿದ್ದರಲ್ಲವೇ ಕುಂಟುವುದು ಎಂದುಕೊಳ್ಳುತ್ತ ಅವಳು ಬಾಗಿಲು ಹಾಕಿದಳು.

ಬೀರುವಿನ ಅರೆಯಲ್ಲಿ ಕಾಲುಚೀಲಗಳು ಜೋಡಿಜೋಡಿಯಾಗಿ ಮಡಚಿ ಇದ್ದವು. ಒಂದು ಮಧ್ಯಾಹ್ನ ಅವಳು ಅವನ್ನೆಲ್ಲ ಬಿಡಿಸಿ ಬಿಡಿಬಿಡಿಯಾಗಿ ಒಂದರ ಮೇಲೊಂದು ಇಟ್ಟಳು. ಕಾಲುಚೀಲಕ್ಕೆ ಎಡ ಬಲ ಎಂದಿಲ್ಲ. ಇನ್ನು ಹೊಸದು ಕೊಳ್ಳದೆ ಬಹಳ ದಿನ ಬರುತ್ತವೆ.

ಸಂಜೆಯ ಕೆಲಸ ಮತ್ತೆ ಅವಳದಾಯಿತು, ಈಗ ಒಂದೇ ಚೀಲ. ಎಡಗಾಲಿನದನ್ನು ತಾನೇ ಕಳಚಿ ಒಯ್ಯುವಳು, ತಿರುವಿ ನೋಡುವಳು, ಒಗೆಯುವಳು. ಅವರು ಕೋಣೆಯ ಕಿಟಕಿಯಿಂದ ನೋಡುತ್ತಿದ್ದರು. ಮಾತು ಮೊದಲಿನಷ್ಟೇ ಕಡಿಮೆ. ಆದರೆ ಈಗ ಅವಳು ಯಾವ ಮಾತಿಗೂ ಕಾಯುತ್ತಿರಲಿಲ್ಲ.

ಆಗಸ್ಟ್‌ನ ಮಂಕು ಸಂಜೆಯೊಂದರಲ್ಲಿ ಅವರು ವಾಕರ್ ಹಿಡಿದು, ನಿಂತು ನಿಂತು, ಬಾಲ್ಕನಿಯವರೆಗೆ ಬಂದು ಕುರ್ಚಿಯಲ್ಲಿ ಕೂತರು.

"ಇಲ್ಲಿ ಕೊಡು, ನಾನೇ ಒಗೀತೀನಿ. ಕೂತ್ಕೊಂಡೇ ಮಾಡಬಹುದು ತಾನೇ?"

ಮೈಥಿಲಿ ಬೇಸಿನ್ನಿಗೆ ನೀರು ತುಂಬಿ ಅವರ ಮುಂದಿನ ಸ್ಟೂಲಿನ ಮೇಲಿಟ್ಟಳು. ಸೋಪು ಇಟ್ಟಳು. ಹಳೆಯ ಟವೆಲನ್ನು ಕುರ್ಚಿಯ ಕೈಗೆ ಹಾಕಿದಳು. ಅವರು ಕೈ ಚಾಚಿದರು.

ಅವಳು ಚೀಲವನ್ನು ಕೊಡಲಿಲ್ಲ. ಮೊದಲು ತಿರುವಿದಳು. ಬೆರಳಿನ ಜಾಗ, ಹಿಮ್ಮಡಿಯ ಜಾಗ, ಎರಡನ್ನೂ ಉಳಿದಿದ್ದ ಬೆಳಕಿಗೆ ಹಿಡಿದು ನೋಡಿದಳು. ಸಾಲದೆನಿಸಿ ಇನ್ನೊಮ್ಮೆ ನೋಡಿದಳು. ಅಷ್ಟು ಹೊತ್ತೂ ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಎದುರಿನ ಕಟ್ಟಡದ ನೀರಿನ ಟ್ಯಾಂಕುಗಳ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಬಿಳಿಯಿತ್ತು. ಅವಳು ಅದನ್ನು ಅವರ ಅಂಗೈಯ ಮೇಲಿಟ್ಟಳು.