ನಾಲ್ಕನೇ ಹಾಡು

"ಅದನ್ನ ಆಫ್ ಮಾಡು."

ಅಕ್ಕನ ದನಿಗೆ ಪಕ್ಕದ ಬೆಂಚಿನ ಪಾಲಿಶ್‌ನವಳು ಬೆಚ್ಚಿದಳು. ಹಲ್ಲಿನ ಸೆಟ್ಟು ತಯಾರಿಸುವ ಆ ಪುಟ್ಟ ಲ್ಯಾಬಿನಲ್ಲಿ ಇದ್ದದ್ದು ಅವರಿಬ್ಬರೇ. ಮೇಣದಲ್ಲಿ ಹಲ್ಲು ಕೂರಿಸುವುದು ಅಕ್ಕನ ಕೆಲಸ, ಸಿದ್ಧವಾದ ಸೆಟ್ಟಿಗೆ ಹೊಳಪು ಕೊಡುವುದು ಅವಳದು. ರೇಡಿಯೊದಲ್ಲಿ ಪಿಯಾನೊ ಶುರುವಾಗಿತ್ತಷ್ಟೇ, ಹಾಡುವ ದನಿ ಇನ್ನೂ ಬಂದಿರಲಿಲ್ಲ.

"ಅಯ್ಯೋ, ಯಾಕೆ ಮೇಡಂ? ನಾಲ್ಕನೇ ಹಾಡು ಇದು! ಆಲ್ಬಂ ಬಂದು ಇಪ್ಪತ್ತೈದು ವರ್ಷ ಆಯ್ತಂತೆ, ಬೆಳಗ್ಗಿಂದ ಇದನ್ನೇ ಹಾಕ್ತಿದ್ದಾರೆ. ಅಪ್ಪ ಹೋದಾಗ ಒಂದು ತಿಂಗಳು ಇದನ್ನ ಕೇಳ್ಕೊಂಡೇ ಬಿದ್ದಿದ್ದೆ. ಇದಿಲ್ದೆ ಇದ್ರೆ ನಾನು ಎದ್ದು ಕೂರ್ತಾನೇ ಇರ್ಲಿಲ್ಲ."

"ಆಫ್ ಮಾಡು ಅಂದೆ."

ಪಾಲಿಶ್‌ನವಳು ಮುಖ ಊದಿಸಿಕೊಂಡು ಗುಂಡಿ ಒತ್ತಿದಳು. ಹಾಡಿದವಳು ಅಕ್ಕನ ಒಡಹುಟ್ಟಿದ ತಂಗಿ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಯಾರಿಗೂ ಹೇಳಿಕೊಂಡವಳಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಅಕ್ಕನ ನಲವತ್ತು ದಿನದ ಹೆಣ್ಣುಮಗು ನಿದ್ದೆಯಲ್ಲೇ ಹೋಗಿಬಿಟ್ಟಿತ್ತು. ಗಂಡ ಬಾಯಿಗೆ ಬೀಗ ಹಾಕಿಕೊಂಡ. ಆದದ್ದಾಯಿತು, ಇನ್ನೊಂದಾಗುತ್ತೆ ಅಂದಳು ಅಮ್ಮ. ದೂರದಲ್ಲಿ ಬಾಡಿಗೆ ಪಿಯಾನೊ ಇಟ್ಟುಕೊಂಡು ಸಂಗೀತ ಕಲಿಯುತ್ತಿದ್ದ ತಂಗಿಯೊಬ್ಬಳಿಗೇ ಅಕ್ಕ ಎಲ್ಲವನ್ನೂ ಬರೆದಳು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾದದ್ದನ್ನು, ಒಣಹಾಕಿದ್ದ ಪುಟ್ಟ ಅಂಗಿಯನ್ನು ತೆಗೆಯಲಾರದೆ ಮೂರು ದಿನ ಹಗ್ಗದ ಮೇಲೇ ಬಿಟ್ಟದ್ದನ್ನು. 'ತೊಟ್ಟಿಲು ಖಾಲಿ ಅಂತ ಯಾರು ಹೇಳಿದ್ದು, ಅದರಲ್ಲಿ ಮಧ್ಯಾಹ್ನವೇ ಮಲಗಿಕೊಂಡಿದೆ' ಅಂತ ಒಂದು ಪತ್ರದಲ್ಲಿ ಬರೆದಿದ್ದಳು. ಮಾರನೇ ವರ್ಷ ತಂಗಿಯ ಮೊದಲ ಆಲ್ಬಂ ಬಂತು. ಹತ್ತು ಹಾಡು, ಒಂದು ದನಿ, ಒಂದು ಪಿಯಾನೊ, ಬೇರೇನಿಲ್ಲ. ನಾಲ್ಕನೇ ಹಾಡು ಅದೇ ಸಾಲಿನಿಂದ ಶುರುವಾಗುತ್ತಿತ್ತು. ಹಾಡು ಮಾಡಲೇ ಅಂತ ತಂಗಿ ಒಂದು ಮಾತು ಕೇಳಿರಲಿಲ್ಲ.

ಗಂಡ ಅದನ್ನು ಕೇಳಿಸಿಕೊಂಡದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ಬಂದ. "ನಮ್ಮ ಮಗೂನ ಹಾಡ್ಕೊಳ್ಳೋಕೆ ಕೊಟ್ಯಾ?" ಇಲ್ಲ ಅಂದರೆ ನಂಬಲಿಲ್ಲ. ಎರಡು ವರ್ಷ ಒಂದೇ ಸೂರಿನಡಿ ಮೂಗನಂತಿದ್ದು ಆಮೇಲೆ ಹೊರಟುಹೋದ. ಹಾಡು ಮಾತ್ರ ಹೋಗಲಿಲ್ಲ. ಬಸ್ಸು, ಲಿಫ್ಟು, ಆಸ್ಪತ್ರೆಯ ವರಾಂಡ, ಎಲ್ಲಿ ಕಾಲಿಟ್ಟರೂ ಅಲ್ಲಿ. ಪ್ರೀತಿ ಮುರಿದ ಹುಡುಗರೂ ಅದನ್ನೇ ಗುನುಗುತ್ತಿದ್ದರು. ಹಳೆಯದಾಗಲಿ, ಜನ ಮರೆಯಲಿ ಅಂತ ಅಕ್ಕ ಕಾದಳು. ಎಲ್ಲ ಹಾಡೂ ಹಳೆಯವಾದವು, ಇದೊಂದನ್ನು ಬಿಟ್ಟು.

ಮಧ್ಯಾಹ್ನದ ಹೊತ್ತಿಗೆ ತಂಗಿ ತಾನಾಗಿಯೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಪಾಲಿಶ್‌ನವಳ ಕೈಯಿಂದ ಬ್ರಷ್ಷು ಜಾರಿ ಬಿತ್ತು.

"ಫೋನ್ ಮಾಡಿದ್ರೆ ನೀನು ಬೇಡ ಅಂತಿದ್ದೆ, ಅದಕ್ಕೆ ಹೀಗೆ ಬಂದೆ," ಅಂದಳು ತಂಗಿ. ಸ್ಟೂಲ್ ಎಳೆದುಕೊಂಡು ಕೂತಳು. "ಆಲ್ಬಂ ಮತ್ತೆ ತರ್ತಿದ್ದಾರೆ ಅಕ್ಕ. ಜೊತೆಗೊಂದು ಪುಸ್ತಕ. ನಿನ್ನ ಪತ್ರಗಳನ್ನ ಇದ್ದ ಹಾಗೇ ಅಚ್ಚು ಹಾಕ್ತಾರಂತೆ, ನಿನ್ನ ಕೈಬರಹದಲ್ಲೇ. ಮಾತೆಲ್ಲ ನಿಂದೇ ಅಂತ ಈಗಲಾದ್ರೂ ಜನಕ್ಕೆ ಗೊತ್ತಾಗ್ಲಿ."

ಅಕ್ಕ ಮೇಣ ಕರಗಿಸುವ ಸ್ಪಿರಿಟ್ ದೀಪ ಆರಿಸಿದಳು. "ಗೊತ್ತಾಗ್ಲಿ ಅಂತ ನಾನು ಕೇಳಿದ್ನಾ?"

"ಇಲ್ಲ. ನಾನೇ—"

"ಆಗಲೂ ನೀನೇ, ಈಗಲೂ ನೀನೇ! ಅದು ನಿಂಗೆ ಬರೆದ ಪತ್ರ. ಊರಿಗಲ್ಲ."

"ಎಷ್ಟು ಜನ ಅದರಿಂದ ಬದುಕಿದ್ದಾರೆ ಗೊತ್ತಾ ಅಕ್ಕ? ಇವತ್ತಿಗೂ ನಂಗೆ ಬರೀತಾರೆ."

"ಅವರೆಲ್ಲ ಬದುಕಿದ್ರು. ನನ್ನ ಮನೆ ಹೋಯ್ತು. ಒಂದ್ಸಲ, ಒಂದೇ ಒಂದ್ಸಲ ಬಂದು ತಪ್ಪಾಯ್ತು ಅಂದ್ಯಾ?"

ತಂಗಿ ತಲೆ ತಗ್ಗಿಸಿದಳು. "ಹೆದರ್ಕೊಂಡಿದ್ದೆ. ಆಮೇಲೆ ಆರು ಆಲ್ಬಂ ಮಾಡಿದೆ. ಎಲ್ಲ ನನ್ನದೇ ಮಾತು. ಒಂದನ್ನೂ ಯಾರೂ ಕೇಳಲಿಲ್ಲ. ವೇದಿಕೆ ಹತ್ತಿದ್ರೆ ಸಾಕು, ನಾಲ್ಕನೇದು ಹಾಡಿ ಅಂತಾರೆ. ಈ ಪುಸ್ತಕ ಬಂದ್ರೆ—"

"ಬಂದ್ರೆ ನಿನ್ನ ಅಂಗಡಿ ಇನ್ನೊಂದಿಷ್ಟು ದಿನ ನಡೆಯುತ್ತೆ. ಇಲ್ದಿದ್ರೆ ಇನ್ಯಾರದ್ದಾದ್ರೂ ಮಗು ಸಾಯೋವರೆಗೂ ಕಾಯ್ಬೇಕು, ಅಲ್ವಾ?"

ತಂಗಿ ಸ್ಟೂಲನ್ನು ಹಿಂದಕ್ಕೆ ಸರಿಸಿದಳು. ಅಕ್ಕನಿಗೂ ಆಡಿದ ಮಾತು ಹೆಚ್ಚಾಯಿತು ಅನ್ನಿಸಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೈ ಚಾಚಿದಳು. "ಕೊಡು."

"ಏನು?"

"ಪತ್ರ. ಚೀಲದಲ್ಲೇ ಇವೆ, ತೋರಿಸೋಕೆ ತಂದಿರ್ತೀಯ. ನಿನ್ನ ಗುಣ ನಂಗೊತ್ತಿಲ್ವಾ?"

ತಂಗಿ ಚೀಲ ತಬ್ಬಿಕೊಂಡಳು. ಕೊನೆಗೆ ರಟ್ಟಿನ ಫೈಲೊಂದನ್ನು ತೆಗೆದು ಬೆಂಚಿನ ಮೇಲಿಟ್ಟಳು. ಮಡಿಕೆಗಳಲ್ಲಿ ಹರಿದ ಹಾಳೆಗಳಿಗೆಲ್ಲ ಹಿಂಬದಿಯಿಂದ ತೆಳು ಕಾಗದ ಅಂಟಿಸಿ ಜೋಪಾನ ಮಾಡಿದ್ದಳು. ಅದನ್ನು ನೋಡಿ ಅಕ್ಕನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಉರಿಯಿತು.

"ಹೋಗು," ಅಂದಳು.

"ಅಕ್ಕ, ತಪ್ಪಾಯ್ತು."

"ಕೇಳಿಸ್ತು. ಈಗ ಹೋಗು."

ತಂಗಿ ಎದ್ದಳು. ಮೆಟ್ಟಿಲಿನಲ್ಲಿ ಅವಳ ಚಪ್ಪಲಿಯ ಸದ್ದು ಒಂದೆರಡು ಕಡೆ ನಿಂತು ನಿಂತು ಇಳಿದು ಹೋಯಿತು.

ಅಕ್ಕ ಫೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪಾಲಿಶ್‌ನವಳು ಗೋಡೆಗೊರಗಿ ನಿಂತಿದ್ದಳು. ಮೇಡಂ ಅಂತ ಶುರುಮಾಡಿ ಎರಡು ಸಲ ನಿಲ್ಲಿಸಿದಳು. ಹಾಡಿನ ಮಾತು ತೆಗೆದರೆ ಇವಳ ಕಪಾಳಕ್ಕೆ ಬಾರಿಸುತ್ತೇನೆ ಅಂದುಕೊಂಡಳು ಅಕ್ಕ.

"ಮಗೂಗೆ ಏನು ಹೆಸರಿಟ್ಟಿದ್ರಿ?"

ಅಕ್ಕ ತಲೆಯೆತ್ತಿದಳು. ಫೈಲಿನ ಮೇಲೆ ಅಂಗೈ ಊರಿ, ಹೆಸರು ಹೇಳಿದಳು.

ಪಾಲಿಶ್‌ನವಳು ಆ ಹೆಸರನ್ನು ಮೆಲ್ಲಗೆ ಹೇಳಿ ನೋಡಿದಳು.

"ಕೊನೇ ಅಕ್ಷರ ಎಳೀಬೇಡ," ಅಕ್ಕ ಗದರಿದಳು. "ದೀರ್ಘ ಇಲ್ಲ ಅದಕ್ಕೆ."

ಪಾಲಿಶ್‌ನವಳು ಇನ್ನೊಮ್ಮೆ ಹೇಳಿದಳು. ಈ ಸಲ ಸರಿಯಾಗಿತ್ತು.